ನೀರಿನಂಚಿಗೆ ನೆಟ್ಟ ಕಡ್ಡಿ

ಹೋದ ಭಾನುವಾರ ಹೊನ್ನಾಳಿಯಲ್ಲಿ ನಮಗೆ ಸನ್ಮಾನ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಹಿಂದೆ ಗೋಡೆಯಗಲದ ಫ್ಲೆಕ್ಸ್. ಕಾರವಾರದಿಂದ ಮಂಗಳೂರಿನವರೆಗೆ ಕಡಲ ದಂಡೆಗುಂಟ ಸೈಕಲ್ ತುಳಿದು ಬಂದ ಸಾಹಸಿಗರು ನಾವು. ಭಾಷಣ ಮಾಡಿದವರೊಬ್ಬರು ನಮ್ಮನ್ನು ಯುವಕರಿಗೆ ಮಾದರಿ ಎಂದರು. (ನನಗೆ ಅರವತ್ತೆರಡು. ಸಕ್ಕರೆ ಕಾಯಿಲೆ ಬೇರೆ. ಯಾವ ಯುವಕ ನನ್ನನ್ನು ಮಾದರಿ ಮಾಡಿಕೊಂಡಾನು?)

ಹೊರಟಾಗ ನಾವು ಆರು ಜನ. ವೇದಿಕೆಯ ಮೇಲೆ ತಂದಿಟ್ಟಿದ್ದು ಐದು ಶಾಲು. ಇನ್ನೊಬ್ಬರೆಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡೆ, ಫೋಟೋಗೆ ಹಲ್ಲು ಬಿಟ್ಟೆ, ಉಪ್ಪಿಟ್ಟು ಕೇಸರಿಬಾತು ತಿಂದು ಮನೆಗೆ ಬಂದೆ.

ಶಾಲನ್ನು ಬೀರುವಿನ ತಳಕ್ಕೆ ತುರುಕಿ, ರಾತ್ರಿ ಊಟ ಬೇಡವೆಂದೆ. ಉಪ್ಪಿಟ್ಟಿಗೆ ಹಾಕಿದ ಎಣ್ಣೆ ಸರಿ ಇರಲಿಲ್ಲವೇನೋ ಎಂದಳು ಹೆಂಡತಿ. ಎಣ್ಣೆ ಸರಿಯಾಗೇ ಇತ್ತು.

ಆರನೆಯವನ ಹೆಸರು ಅಂಜಿನಪ್ಪ. ಸೂಳೆಕೆರೆ ದಂಡೆಯ ಹಳ್ಳಿಯವನು. ಮೂವತ್ತು ವರ್ಷದಿಂದ ಆ ಕೆರೆಯಲ್ಲಿ ಬಲೆ ಬೀಸಿ, ಸಿಕ್ಕ ಮೀನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸುತ್ತಿನ ಹಳ್ಳಿಗಳಲ್ಲಿ ಮಾರುತ್ತಾನೆ. ಅವನ ಪರಿಚಯವಾದ ದಿನವೇ ನಮ್ಮ ಮಾನ ಹೋಯಿತು.

ನಮ್ಮ ಸೈಕಲ್ ಗ್ರೂಪಿನ ಬಗ್ಗೆ ಈ ಅಂಕಣದಲ್ಲಿ ನಾನು ಸಾಕಷ್ಟು ಬಡಾಯಿ ಕೊಚ್ಚಿಕೊಂಡಿದ್ದೇನೆ. ಹೊಸಬರಿಗೆ ಇನ್ನೊಮ್ಮೆ ಹೇಳುತ್ತೇನೆ. ಚನ್ನಗಿರಿಯ ಅಡಿಕೆ ವ್ಯಾಪಾರಿ ಶಿವಕುಮಾರ್ ನಮ್ಮ ಲೀಡರ್. ನ್ಯಾಮತಿಯಿಂದ ಒಬ್ಬರು ಡಾಕ್ಟರು, ಜಗಳೂರಿನಿಂದ ಇಬ್ಬರು ಮೇಷ್ಟ್ರು, ಹೊನ್ನಾಳಿಯಿಂದ ಬ್ಯಾಂಕ್ ರಿಟೈರ್ಡ್ ನಾನು. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. (ಜಗಳೂರಿನವರು ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಬರುತ್ತಾರೆ. ನಗಬೇಡಿ.) ಹೆಲ್ಮೆಟ್ಟು, ಗ್ಲೌಸು, ಮೈಗಂಟುವ ಬಣ್ಣದ ಬಟ್ಟೆ, ಕೈಯಲ್ಲಿ ಎದೆಬಡಿತ ಎಣಿಸುವ ವಾಚು. ಎಲ್ಲವೂ ಇವೆ. ಉಸಿರು ಮಾತ್ರ ಇಲ್ಲ.

ಹಾಗೆ ಒಂದು ಭಾನುವಾರ ಸೂಳೆಕೆರೆ ಏರಿಯ ಕಡೆಗೆ ಏದುಸಿರು ಬಿಡುತ್ತಾ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

“ಪಕ್ಕಕ್ಕೆ ಬರ್ರಿ ಸಾರ್. ಐಸ್ ಕರಗ್ತೈತೆ.”

ಮೊಣಕಾಲ ಮೇಲೆ ಕಟ್ಟಿದ ಲುಂಗಿ, ಹವಾಯಿ ಚಪ್ಪಲಿ, ಅಪ್ಪನ ಕಾಲದ ಕಬ್ಬಿಣದ ಸೈಕಲ್ಲು, ಹಿಂದೆ ಎರಡು ಕ್ರೇಟ್ ಮೀನು. ಐದೂ ಜನರನ್ನು ದಾಟಿ ಏರು ಹತ್ತಿ ಮರೆಯಾದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮುಂದಿನ ತಿಂಗಳು ಅವನು ಮತ್ತೆ ಸಿಕ್ಕ. ಅದರ ಮುಂದಿನ ತಿಂಗಳು ನಾವೇ ಹುಡುಕಿಕೊಂಡು ಹೋಗಿ ಟೀ ಕುಡಿಸಿದೆವು. ಕರಾವಳಿ ಟೂರಿನ ಮಾತು ಬಂದಾಗ ನೀನೂ ಬಾರಪ್ಪ ಎಂದೆವು. ಹುಟ್ಟಿದಾಗಿನಿಂದ ನೀರಲ್ಲೇ ಬಿದ್ದಿದ್ದೇನೆ, ಸಮುದ್ರ ಒಂದನ್ನು ಮಾತ್ರ ನೋಡಿಲ್ಲ ಎಂದ ಅವನು. ನಾವು ಅವನನ್ನು ಏಕವಚನದಲ್ಲಿ ಕರೆದೆವು, ಅವನು ನಮ್ಮನ್ನು ಸಾರ್ ಎಂದು ಕರೆದ. ಹೀಗೇ ಇರಲಿ ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ. ನಮ್ಮ ಕಡೆ ಇಂಥವಕ್ಕೆಲ್ಲ ಮೀಟಿಂಗ್ ಬೇಕಾಗುವುದಿಲ್ಲ.

ಆಮೇಲೆ ಸೈಕಲ್ಲಿನ ಪ್ರಶ್ನೆ ಬಂತು.

ಆ ಕಬ್ಬಿಣದ ಸೈಕಲ್ಲಲ್ಲಿ ಅವನು ನಮ್ಮ ಜೊತೆ ಬರಲಾರನೇ? ಬರಬಲ್ಲವನಾಗಿದ್ದ. ಮಂಗಳೂರು ದಾಟಿ ಕೇರಳಕ್ಕೂ ಹೋಗಿ ಬರಬಲ್ಲವನಾಗಿದ್ದ. ಆದರೆ ಕರಾವಳಿ ರಸ್ತೆಯಲ್ಲಿ ಏರಿಳಿತ ಜಾಸ್ತಿ, ಗೇರ್ ಸೈಕಲ್ಲೇ ಬೇಕು ಎಂದರು ಶಿವಕುಮಾರ್. ಹೌದು ಹೌದು ಎಂದೆ ನಾನು. ನಿಜ ಹೇಳಿಬಿಡುತ್ತೇನೆ. ನಮ್ಮ ಫೋಟೋಗಳಲ್ಲಿ ಆ ಮೀನಿನ ವಾಸನೆಯ ಸೈಕಲ್ಲು ನಮಗೆ ಬೇಡವಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಮ್ಮ ಮಾನ ಒಂದು ತುಕ್ಕು ಹಿಡಿದ ಮಡ್‌ಗಾರ್ಡಿಗೆ ಹೋಗುವಂತಿತ್ತು.

ಅಂಜಿನಪ್ಪನ ಮನೆಯಲ್ಲಿ ಒಂದು ಗೇರ್ ಸೈಕಲ್ ಇತ್ತು. ಅದು ಅವನದಲ್ಲ, ಮಗಳು ರಂಜಿತಾಳದು. ಸೆಕೆಂಡ್ ಪಿಯುಸಿ ಹುಡುಗಿ. ಹೈಸ್ಕೂಲಿನಲ್ಲಿದ್ದಾಗ ಡ್ರಿಲ್ ಮೇಷ್ಟ್ರು ಯಾರಲ್ಲೋ ಕಾಡಿ ಬೇಡಿ ಕೊಡಿಸಿದ್ದ ಸೆಕೆಂಡ್ ಹ್ಯಾಂಡ್ ರೇಸಿಂಗ್ ಸೈಕಲ್ಲು. ದಿನಾ ಬೆಳಗಿನ ಜಾವ ಎದ್ದು ಏರಿಯ ಮೇಲೆ ತುಳಿಯುತ್ತಿದ್ದಳು. ಸೈಕ್ಲಿಂಗ್ ಹಾಸ್ಟೆಲ್ಲಿನ ಆಯ್ಕೆಗೆ ಟ್ರಯಲ್ ಇತ್ತು. ಆಯ್ಕೆಯಾದರೆ ಊಟ, ಓದು, ಕೋಚು, ಸೈಕಲ್ಲು ಎಲ್ಲ ಅವರದೇ. ಮುಂದಿನ ವರ್ಷಕ್ಕೆ ವಯಸ್ಸು ದಾಟುತ್ತದೆ, ಇದೇ ಕೊನೆಯ ಅವಕಾಶ. ಟ್ರಯಲ್ ಇದ್ದದ್ದು ನಮ್ಮ ಟೂರ್ ಮುಗಿದು ಎಂಟು ದಿನಕ್ಕೆ.

ಸೈಕಲ್ ಕೇಳಲು ಹೋದವನು ನಾನೇ. ಅಪ್ಪನಿಗೆ ಕೇಳಲು ಬಾಯಿ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಹುಡುಗಿ ಸೀಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಅಷ್ಟು ದಿನ ಪ್ರಾಕ್ಟೀಸ್ ತಪ್ಪುತ್ತದೆ ಎಂದಳು. ಗೇರ್ ಹಾಕುವುದು ಅಪ್ಪನಿಗೆ ಬರುವುದಿಲ್ಲ ಎಂದಳು. ನಾನು ಕಲಿಸುತ್ತೇನೆ, ಐದೇ ದಿನ, ಹೋದ ಹಾಗೇ ತಂದು ನಿಲ್ಲಿಸುತ್ತೇನೆ ಎಂದೆ.

“ನಾನಿದೀನಲ್ಲಮ್ಮ” ಎಂದೂ ಸೇರಿಸಿದೆ. ನಲವತ್ತು ವರ್ಷ ಸಂಸಾರ, ಆಫೀಸು, ಸಂಘ ಸಂಸ್ಥೆ ಎಂದು ಓಡಾಡಿದವನ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ನಿಮ್ಮ ಬಾಯಲ್ಲೂ ಬರುತ್ತದಲ್ಲವೇ?

ಅವಳು ಕೊಟ್ಟಳು.

ಕಾರವಾರದವರೆಗೆ ಸೈಕಲ್ಲುಗಳನ್ನು ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಸಮುದ್ರ ಕಂಡಾಗ ಉಳಿದವರೆಲ್ಲ ಮೊಬೈಲ್ ತೆಗೆದರು. ಅಂಜಿನಪ್ಪ ಮುಂದೆ ಹೋಗಿ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು ಉಗಿದ.

“ಇಷ್ಟು ನೀರೈತೆ, ಒಂದು ಎಮ್ಮಿಗೂ ಕುಡಿಸಾಕೆ ಬರಲ್ಲವಲ್ಲ ಸಾರ್” ಎಂದ.

ನಾವು ನಕ್ಕೆವು. ಅವನು ನಗಲಿಲ್ಲ.

ಎರಡು ದಿನ ನಾವು ಅವನನ್ನು ತಿದ್ದಿದ್ದೇ ತಿದ್ದಿದ್ದು. ಗೇರ್ ಹೀಗಲ್ಲ ಹಾಗೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡು. ನಲ್ಲಿ ನೀರು ಕುಡಿಯಬೇಡ, ಬಾಟ್ಲಿ ತಗೋ. ಹೈವೇಯಲ್ಲಿ ಕೈ ತೋರಿಸಿ ತಿರುಗು. ಹೋಟೆಲ್ ರೂಮಿನ ಎಸಿಗೆ ಅವನಿಗೆ ನೆಗಡಿಯಾದರೆ ಅದಕ್ಕೂ ಡಾಕ್ಟರು ಉಪದೇಶ ಕೊಟ್ಟರು. ಎಲ್ಲದಕ್ಕೂ ಅವನು ಹೂಂ ಸಾರ್ ಎಂದ. ಸಂಜೆ ಹೊತ್ತು ನಾವು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರೆ ಅವನು ಮಗಳ ಸೈಕಲ್ಲನ್ನು ಟವೆಲಿನಿಂದ ಒರೆಸುತ್ತಿದ್ದ.

ಮೂರನೆಯ ದಿನ ನಸುಕಿಗೇ ಹೊರಟು, ಕುಮಟಾ ದಾಟಿದ ಮೇಲೆ ಹೈವೇ ಬಿಟ್ಟು ಒಂದು ಸಣ್ಣ ಬೀಚಿಗೆ ಇಳಿದೆವು. ನೀರು ದೂರ ಸರಿದಿತ್ತು. ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ. ಚಕ್ರ ಹೂತುಕೊಳ್ಳಲಿಲ್ಲ. ಆರೂ ಜನ ಮಕ್ಕಳಂತೆ ಆ ಕಡೆಯಿಂದ ಈ ಕಡೆಗೆ ತುಳಿದೆವು.

ಥೇಟ್ ನಮ್ಮ ಕೆರೆ ಅಂಗಳ ಎಂದ ಅಂಜಿನಪ್ಪ. ಬೇಸಿಗೆಯಲ್ಲಿ ಸೂಳೆಕೆರೆಯ ನೀರು ಹಿಂದೆ ಸರಿದಾಗ ಅಂಗಳ ಹೀಗೇ ಬಿಗಿದುಕೊಳ್ಳುತ್ತದೆ. ಅಲ್ಲಿ ದನ ಮೇಯುತ್ತವೆ, ಬೈಕು ಓಡಾಡುತ್ತವೆ. ಬಿಟ್ಟುಹೋದ ನೀರು ಮತ್ತೆ ಬರುವುದು ಮಳೆಗಾಲಕ್ಕೇ. ಅಂಜಿನಪ್ಪನಂಥವರು ಸಂಜೆ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಹೋಗುತ್ತಾರಂತೆ. ಬೆಳಿಗ್ಗೆ ಬಂದು ನೋಡಿದರೆ ಕಡ್ಡಿಗೂ ನೀರಿಗೂ ಎಷ್ಟು ಅಂತರವೋ ಅದರ ಮೇಲೆ ಬಲೆ ಎಲ್ಲಿ ಬಿಡಬೇಕೆಂದು ಗೊತ್ತಾಗುತ್ತದೆ. ಇದನ್ನೆಲ್ಲ ಅವನು ನಮಗೆ ವಿವರಿಸಿದ. ಎರಡು ದಿನದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಮಾತಾಡುತ್ತಲೇ ಒಂದು ಕಡ್ಡಿ ಮುರಿದು ನೀರಿನ ಅಂಚಿಗೆ ನೆಟ್ಟ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದಿದ. ಬೀಡಿ ಮುಗಿದರೂ ನೀರು ಕಡ್ಡಿ ಮುಟ್ಟಲಿಲ್ಲ. ನಾಲ್ಕು ಬೆರಳು ಹಿಂದಕ್ಕೇ ಹೋಗಿತ್ತು.

“ಇಳೀತಾ ಐತೆ ಸಾರ್. ಇನ್ನು ಬರಲ್ಲ. ಇಲ್ಲೇ ಬಿಟ್ಟು ಹೋಗಾನ” ಎಂದ.

ನಾವು ಸೈಕಲ್ಲುಗಳನ್ನು ಸ್ವಲ್ಪ ಮೇಲೆ ಮರಳಿನ ಮೇಲೇ ಮಲಗಿಸಿದೆವು. ಅವನು ಮಲಗಿಸಲಿಲ್ಲ. ಮಗಳ ಸೈಕಲ್ಲಿನ ಚೈನಿಗೆ ಮರಳು ಹೋಗಬಾರದೆಂದು ಕೆಳಗಿದ್ದ ಒಂದು ಕಪ್ಪು ಬಂಡೆಗೆ ಜೋಪಾನವಾಗಿ ಒರಗಿಸಿ ನಿಲ್ಲಿಸಿದ. ನಮ್ಮೆಲ್ಲರಿಗಿಂತ ಜಾಗ್ರತೆ ಮಾಡಿದವನು ಅವನೇ.

ಮೇಲೆ ಗಾಳಿಮರದ ತೋಪಿನ ಪಕ್ಕ ಒಂದು ಸಣ್ಣ ಗುಡಿಸಲು ಹೋಟೆಲ್. ನಡೆಸುವ ಹೆಂಗಸು ಒಬ್ಬಳೇ. ದೋಸೆ ಬಡಿಸುತ್ತಾ ಕೆಳಗೆ ನೋಡಿದಳು. ಉಳಿದವರು ಕೈ ತೊಳೆಯಲು ಹಿಂದಕ್ಕೆ ಹೋಗಿದ್ದರು. ನಾನೊಬ್ಬನೇ ಇದ್ದೆ.

“ಸೈಕಲ್ ಅಲ್ಲಿಡಬೇಡಿ ಅಣ್ಣ. ಇನ್ನು ನೀರು ಏರ್ತದೆ” ಎಂದಳು.

ನನಗೆ ಗೊತ್ತಿತ್ತೇ? ಗೊತ್ತಿತ್ತು. ಉಬ್ಬರ ಇಳಿತ ಎಂದು ಹೈಸ್ಕೂಲಿನಲ್ಲಿ ಓದಿದ್ದೆ. ಎರಡು ಮಾರ್ಕಿನ ಪ್ರಶ್ನೆ. ಚಂದ್ರನ ಸೆಳೆತ ಎಂದು ಬರೆದು ಎರಡೂ ಮಾರ್ಕು ತೆಗೆದುಕೊಂಡಿದ್ದೆ. ಕಡ್ಡಿ ನೆಡುವುದನ್ನು ನೋಡುವಾಗಲೇ ಮನಸ್ಸಿನ ಮೂಲೆಯಲ್ಲಿ ಅದು ಚುಚ್ಚಿತ್ತು. ಈಗ ಆ ಊರಿನವಳೇ ಬಾಯಿಬಿಟ್ಟು ಹೇಳಿದ್ದಳು.

ಆದರೆ ಎರಡು ದಿನ ತಿದ್ದಿಸಿಕೊಂಡವನು ಅಂದು ಮೊದಲ ಬಾರಿ ನಮಗೆ ಪಾಠ ಹೇಳಿದ್ದ. ಅವನ ಮುಖ ಅರಳಿತ್ತು. ಇದೂ ತಪ್ಪಪ್ಪ ಅಂಜಿನಪ್ಪ, ನೀರಿನ ವಿಷಯದಲ್ಲೂ ನಿನಗೇನೂ ಗೊತ್ತಿಲ್ಲ ಎಂದು ಹೇಗೆ ಹೇಳಲಿ? ಒಂದು ದಿನವಾದರೂ ಅವನ ಮಾತು ನಡೆಯಲಿ ಎಂದುಕೊಂಡೆ. ಅದು ದೊಡ್ಡ ಗುಣ ಎಂದೂ ಅಂದುಕೊಂಡೆ. ಬೇಗ ತಿಂದು ಹೊರಟುಬಿಡುತ್ತೇವಲ್ಲ, ಅಷ್ಟರಲ್ಲಿ ಏನಾದೀತು?

“ಅವರು ಮೂವತ್ತು ವರ್ಷದಿಂದ ನೀರಲ್ಲೇ ಇದ್ದಾರಮ್ಮ. ಅವರಿಗೆ ಗೊತ್ತು” ಎಂದೆ. ಅಂಜಿನಪ್ಪನಿಗೆ ನಾನು ಬಹುವಚನ ಹಚ್ಚಿದ್ದು ಅದೊಂದೇ ಸಲ.

ನಿಮ್ಮಿಷ್ಟ ಎಂದು ಅವಳು ಒಳಗೆ ಹೋದಳು.

ಬೇಗ ಹೊರಡಲಿಲ್ಲ. ನಸುಕಿಗೆ ಎದ್ದವರು, ಹೊಟ್ಟೆ ತುಂಬ ದೋಸೆ, ಮರದ ಕೆಳಗೆ ತಂಪು ಗಾಳಿ. ಒಬ್ಬೊಬ್ಬರಾಗಿ ಒರಗಿದೆವು. ನಾನೂ ಒರಗಿದೆ. ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು ಮನುಷ್ಯನಿಗೆ ನಿದ್ದೆ ಬರುತ್ತದೆಯೇ? ಬರುತ್ತದೆ. ಗೊರಕೆಯೂ ಬರುತ್ತದೆ.

ಎಚ್ಚರವಾದಾಗ ಬಿಸಿಲು ನೆತ್ತಿಗೇರಿತ್ತು. ಹೋಟೆಲಿನವಳು ಕೂಗುತ್ತಿದ್ದಳು. ನಾವು ಸೈಕಲ್ ತುಳಿದಾಡಿದ್ದ ಬಯಲೇ ಇರಲಿಲ್ಲ. ಮೇಲೆ ಮಲಗಿಸಿದ್ದ ನಮ್ಮ ಐದು ಸೈಕಲ್ಲುಗಳಿಗೆ ಆಗಷ್ಟೇ ನೀರು ಮುಟ್ಟಿತ್ತು, ಎಳೆದುಕೊಂಡೆವು. ಬಂಡೆಯ ತಲೆ ಮಾತ್ರ ಕಾಣುತ್ತಿತ್ತು. ಪ್ರತಿ ಅಲೆಗೂ ಆ ಬಂಡೆಯ ಹತ್ತಿರ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು.

ಅಂಜಿನಪ್ಪ ಎದೆಮಟ್ಟದ ನೀರಿಗೆ ಇಳಿದ. ಹೋಗಬೇಡ ಎಂದು ಕೂಗಿದೆವು. ಎರಡು ಸಲ ಅಲೆ ಅವನನ್ನು ಕೆಡವಿತು. ಮೂರನೆಯ ಸಲ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದ. ಮುಂದಿನ ಚಕ್ರ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುರುಟಿತ್ತು. ಪೆಡಲ್ಲಿನ ಹತ್ತಿರ ಫ್ರೇಮು ಬಿರುಕು ಬಿಟ್ಟಿತ್ತು.

ಅವನು ಬೈಯಲಿಲ್ಲ, ಅಳಲಿಲ್ಲ. ಹೋಟೆಲಿನ ಬಾವಿಯಿಂದ ಕೊಡಗಟ್ಟಲೆ ಸಿಹಿನೀರು ಸೇದಿ ಸೈಕಲ್ಲು ತೊಳೆದ. ಟವೆಲಿನಿಂದ ಒರೆಸಿದ. ಪೆಡಲ್ ತಿರುಗಿಸಿ ನೋಡಿದ. ಅದು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ತೊಳೆದ.

“ಮೂವತ್ತು ವರ್ಷ ನೀರು ನೋಡೀನಿ ಸಾರ್. ಹೋದ ನೀರು ಹಿಂಗೆ ವಾಪಸ್ ಬಂದಿದ್ದು ನೋಡಿರಲಿಲ್ಲ” ಎಂದ.

ನಿನ್ನದೇನೂ ತಪ್ಪಿಲ್ಲ ಬಿಡು ಎಂದರು ಶಿವಕುಮಾರ್. ಡಾಕ್ಟರೂ ಅದನ್ನೇ ಹೇಳಿದರು. ಮೇಷ್ಟ್ರುಗಳೂ ಹೇಳಿದರು. ನಾನೂ ಬೆನ್ನು ತಟ್ಟಿ ಹೇಳಿದೆ. ಐದು ಜನ ಸೇರಿ ಒಬ್ಬನಿಗೆ ನಿನ್ನ ತಪ್ಪಿಲ್ಲ ಎಂದು ಐದು ಸಲ ಹೇಳಿದರೆ ಏನಾಗುತ್ತದೆ? ತಪ್ಪು ಅವನದೇ ಎಂದು ತೀರ್ಮಾನವಾಗುತ್ತದೆ. ಹೋಟೆಲಿನ ಹೆಂಗಸು ದೂರ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಬೇಗಬೇಗ ಬಿಲ್ ಕೊಟ್ಟೆ.

ಆಮೇಲೆ ಚರ್ಚೆ. ಮುಂದಿನ ರೂಮುಗಳು ಬುಕ್ ಆಗಿದ್ದವು. ಊರಲ್ಲಿ ಫ್ಲೆಕ್ಸ್ ಪ್ರಿಂಟಿಗೆ ಹೋಗಿತ್ತು. ಒಬ್ಬರಾದರೂ ಇವನ ಜೊತೆ ವಾಪಸು ಹೋಗಬೇಕಲ್ಲ ಎಂದರು ಮೇಷ್ಟ್ರೊಬ್ಬರು. ಎಲ್ಲರೂ ಚಪ್ಪಲಿ ನೋಡಿಕೊಂಡೆವು. ನೀವು ಹೋಗಿ ಬರ್ರಿ ಸಾರ್, ನನ್ನಿಂದ ನಿಮ್ಮ ಟೂರ್ ಯಾಕೆ ಕೆಡಬೇಕು ಎಂದ ಅಂಜಿನಪ್ಪ. ನಾವು ಕಾಯುತ್ತಿದ್ದದ್ದು ಅದೇ ಮಾತಿಗೆ. ಶಿವಮೊಗ್ಗ ಕಡೆಯ ಬಸ್ಸಿನ ಟಾಪ್ ಮೇಲೆ ಸೈಕಲ್ ಕಟ್ಟಿಸಿದೆವು. ಅವನು ಕಿಟಕಿಯಿಂದ ಕೈ ಎತ್ತಿದ. ನಾವೂ ಎತ್ತಿದೆವು.

ನಾನಿದೀನಲ್ಲಮ್ಮ ಎಂದವನು ಮಂಗಳೂರಿನ ದಿಕ್ಕಿಗೆ ಪೆಡಲ್ ತುಳಿದೆ. ದಾರಿಯಲ್ಲಿ ಮರವಂತೆಯಲ್ಲಿ ಎಳನೀರು ಕುಡಿದೆ, ಬಹಳ ಚೆನ್ನಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ. ದುಃಖ ಗಂಟಲಿಗೆ ಅಡ್ಡ ಬರುತ್ತದೆ ಎನ್ನುವುದೆಲ್ಲ ಸುಳ್ಳು. ಎಳನೀರು ಸರಾಗವಾಗಿ ಇಳಿಯುತ್ತದೆ.

ಊರಿಗೆ ಬಂದು ಏನು ಮಾಡಿದೆ? ಅವರ ಮನೆಗೆ ಹೋಗಲಿಲ್ಲ. ನನ್ನ ಸೈಕಲ್ಲನ್ನು ಡ್ರಿಲ್ ಮೇಷ್ಟ್ರ ಕೈಯಲ್ಲಿ ಕಳಿಸಿದೆ, ಟ್ರಯಲ್ಲಿಗೆ ಆಗಲಿ ಎಂದು. ಅದು ನನ್ನ ಎತ್ತರಕ್ಕೆ ತಂದ ಭಾರದ ಸೈಕಲ್ಲು. ಸೀಟನ್ನು ಪೂರಾ ಇಳಿಸಿದರೂ ಆ ಹುಡುಗಿಗೆ ಕಾಲು ಸರಿಯಾಗಿ ನಿಲುಕಲಿಲ್ಲವಂತೆ. ಆದರೂ ತುಳಿದಳಂತೆ. ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಡ್ರಿಲ್ ಮೇಷ್ಟ್ರು ಫೋನಿನಲ್ಲಿ ಇಷ್ಟು ಹೇಳಿದರು.

ಗ್ರೂಪಿನವರು ಕೆಟ್ಟವರಲ್ಲ. ಎಲ್ಲ ಸೇರಿ ಅವಳಿಗೆ ಹೊಸ ರೇಸಿಂಗ್ ಸೈಕಲ್ ತರಿಸಿದರು. ಅದು ಬಂದಿದ್ದು ಟ್ರಯಲ್ ಮುಗಿದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೊಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು. ಸನ್ಮಾನದ ಮರುದಿನ, ಸೋಮವಾರ, ಗಾಡಿಯಲ್ಲಿ ಹಾಕಿಕೊಂಡು ಸೂಳೆಕೆರೆಗೆ ಹೋದೆ.

ಅಂಜಿನಪ್ಪ ಮನೆಯಲ್ಲಿರಲಿಲ್ಲ. ಮೀನು ಹಾಕಿಕೊಂಡು ಹೋಗಿದ್ದಾನೆ ಎಂದಳು ರಂಜಿತಾ. ನೀರು ಕೊಟ್ಟಳು. ಬೇಡವೆಂದರೂ ಟೀ ಮಾಡಿದಳು. ಹೊಸ ಸೈಕಲ್ಲಿನ ಪ್ಲಾಸ್ಟಿಕ್ ಬಿಚ್ಚದೆ ಗೋಡೆಗೆ ಒರಗಿಸಿ ಥ್ಯಾಂಕ್ಸ್ ಸಾರ್ ಎಂದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ತನ್ನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಹೇಳಿದ್ದೆಲ್ಲ ಅಪ್ಪನ ಬಗ್ಗೆ. ಸರಿಯಾಗಿ ಉಣ್ಣುವುದಿಲ್ಲವಂತೆ. ನಿದ್ದೆ ಮಾಡುವುದಿಲ್ಲವಂತೆ. ಮಗಳ ಕಾಲು ನಾನೇ ಮುರಿದೆ ಎಂದು ಬಂದವರ ಮುಂದೆಲ್ಲ ಹೇಳುತ್ತಾನಂತೆ. ಕೆರೆಗೆ ಹೋದರೂ ಬಲೆ ಎಲ್ಲಿ ಬಿಡಬೇಕೆಂದು ಈಗ ಅವರಿವರನ್ನು ಕೇಳುತ್ತಾನಂತೆ. ಮೂವತ್ತು ವರ್ಷ ಆ ಕೆರೆಯಲ್ಲಿ ಇವನನ್ನೇ ಎಲ್ಲರೂ ಕೇಳುತ್ತಿದ್ದರು.

ಹೇಳುತ್ತಾ ಹೇಳುತ್ತಾ ಅವಳು ನನ್ನ ಮುಖ ನೋಡಿದಳು.

“ನಮ್ಮಪ್ಪಂಗೆ ಸಮುದ್ರ ಗೊತ್ತಿರಲಿಲ್ಲ, ಸರಿ. ಅಲ್ಲಿನೋರಿಗೆ ಗೊತ್ತಿರ್ತೈತಲ್ಲ ಸಾರ್. ಒಬ್ಬರೂ ಹೇಳಲಿಲ್ವಾ?”

ಹೌದಮ್ಮ, ಹೇಳಿದ್ದರು, ನನಗೆ ಹೇಳಿದ್ದರು. ಇಷ್ಟು ಅಂದಿದ್ದರೆ ಸಾಕಿತ್ತು. ಸಂಜೆ ಮನೆಗೆ ಬಂದ ಅಪ್ಪನಿಗೆ ಅವಳು ಅದನ್ನು ಹೇಳುತ್ತಿದ್ದಳು. ಅವನು ಅಂದಾದರೂ ಹೊಟ್ಟೆ ತುಂಬ ಉಣ್ಣುತ್ತಿದ್ದ.

ಯಾರೂ ಹೇಳಲಿಲ್ಲ ಕಣಮ್ಮ ಎಂದೆ.